ಚಾಚಾ ತೋರಿಸಿದ ಕಾಲು

ಅವರ ಪ್ಯಾಂಟುಗಳೆಲ್ಲ ಎಡತೊಡೆಯ ಮೇಲೆ, ಅಂಗೈಯಗಲ ಜಾಗದಲ್ಲೇ ಸವೆಯುತ್ತಿದ್ದವು. ಎಡಗಾಲಿಗೆ ತ್ರಾಣವಿಲ್ಲದ್ದರಿಂದ ಪ್ರತಿ ಹೆಜ್ಜೆಗೂ ತೊಡೆಯನ್ನು ಕೈಯಿಂದ ಒತ್ತಿಹಿಡಿದೇ ನಡೆಯಬೇಕಿತ್ತು. ತಾವೇ ಟೈಲರ್ ಆದ್ದರಿಂದ, ಹೊಸ ಪ್ಯಾಂಟು ಹೊಲಿದುಕೊಳ್ಳುವಾಗಲೇ ಅಲ್ಲಿಗೊಂದು ತೇಪೆ ಹಾಕಿಬಿಡುತ್ತಿದ್ದರು. “ಹರಿಯೋದು ಗೊತ್ತಿದ್ದ ಮ್ಯಾಲೆ ಮೊದ್ಲೇ ಹೊಲಿಯಾಕೇನು ರೋಗ?” ಎನ್ನುವುದು ಅವರ ಮಾತು.

ಮಂಡಿಪೇಟೆಯ ಸಂದಿಯೊಂದರಲ್ಲಿ ಅವರ ಅಂಗಡಿ. ನಾನು ಆ ಭಾಗದ ಆಶಾ ಕಾರ್ಯಕರ್ತೆ. ಎಲ್ಲರಂತೆ ನಾನೂ ಅವರನ್ನು ಚಾಚಾ ಎನ್ನುತ್ತಿದ್ದೆ. ಹುಟ್ಟೂರು ಭಾನುವಳ್ಳಿಯಲ್ಲಿ ಕೂಸಾಗಿದ್ದಾಗಲೇ ಅವರಿಗೆ ಪೋಲಿಯೊ ಬಂದಿತ್ತು. “ಆಗ ಈ ಹನಿ ಸಿಗ್ತೈತೆ ಅಂದಿದ್ರೆ ನಮ್ಮ ಅಮ್ಮಿ ನನ್ನ ಎತ್ಕಂಡು ಹರಿಹರದ ತನಕ ಓಡ್ತಿದ್ಲು. ಈಗ ಹನೀನೇ ಬಾಗಿಲಿಗೆ ಬಂದ್ರೂ ಬ್ಯಾಡ ಅಂತಾರಲ್ಲ,” ಎಂದು ಕತ್ತರಿ ಕೆಳಗಿಡುತ್ತಿದ್ದರು.

ಬ್ಯಾಡ ಎನ್ನುತ್ತಿದ್ದವಳು ಅಂಗಡಿಯ ಎದುರಿನ ಮಹಡಿ ಮನೆಯ ಸೊಸೆ. ಓದಿದವಳು. ಮಗಳಿಗೆ ಒಂದು ಹನಿಯನ್ನೂ ಹಾಕಿಸಿರಲಿಲ್ಲ. “ದೇಶದಾಗೇ ಪೋಲಿಯೊ ಇಲ್ಲ ಅಂತ ನೀವೇ ಹೇಳ್ತೀರಿ. ಮತ್ಯಾಕ್ರಿ?” ಬೇರೆ ದೇಶಗಳಲ್ಲಿ ಇನ್ನೂ ಇದೆ, ಅಲ್ಲಿಂದ ಯಾರ ಜೊತೆಗಾದರೂ ಬಂದೀತು ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು. ಗೋಡೆಗೆ ಹೇಳಿದ್ದರೆ ಅದಾದರೂ ಹೂಂ ಎನ್ನುತ್ತಿತ್ತೇನೋ.

ಹೋದ ವರ್ಷ ಪೋಲಿಯೊ ಭಾನುವಾರದ ಮರುದಿನ, ಹನಿ ಹಾಕಿಸದ ಮನೆಗಳಿಗೆ ಹೋಗುವಾಗ, ಚಾಚಾ ನನ್ನ ಜೊತೆ ಹೊರಟರು. ತೊಡೆ ಒತ್ತುತ್ತಾ ಆ ಮಹಡಿ ಮನೆಯ ಮೆಟ್ಟಿಲು ಹತ್ತಿದರು. ಆ ಕಾಲನ್ನು ಮುಚ್ಚಲೆಂದೇ ಜೀವಮಾನವೆಲ್ಲ ಅಗಲ ಪ್ಯಾಂಟು ಹೊಲಿದುಕೊಂಡವರು, ಅವಳ ಮುಂದೆ ಕುಳಿತು ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಸರಿಸಿದರು. ಕಾಲು ನನ್ನ ಮುಂಗೈಯಷ್ಟೇ ದಪ್ಪವಿತ್ತು.

“ನೋಡವ್ವಾ. ಪೋಲಿಯೊ ಅಂದ್ರೆ ಇದು.”

ಅವಳು ಮಗಳ ಕಣ್ಣು ಮುಚ್ಚಿದಳು. “ಕೂಸು ಹೆದರ್ತೈತೆ. ಕಾಲು ಮುಚ್ಕಳ್ರಿ.”

ಚಾಚಾ ಪ್ಯಾಂಟು ಕೆಳಗಿಳಿಸಿಕೊಂಡು ಎದ್ದರು. ಇಳಿಯುವಾಗ ನಡುಮೆಟ್ಟಿಲಲ್ಲಿ ಕೂತುಬಿಟ್ಟರು. “ಹೆದರ್ಬೇಕಾದೋರು ಹೆದರ್ಲಿಲ್ಲ ಬೇಟಿ. ನನ್ನಂಥೋರೆಲ್ಲ ಹೋದ ಮ್ಯಾಲೆ ನೀನು ಏನ್ ತೋರಿಸ್ತೀಯ?”

ಮಳೆಗಾಲದಲ್ಲಿ ಚಾಚಾ ತೀರಿಕೊಂಡರು. ಅವರ ಅಂಗಡಿಯಲ್ಲೀಗ ಮೊಬೈಲ್ ರಿಪೇರಿ ಮಾಡುತ್ತಾರೆ.

ಈ ಸಲವೂ ಲಸಿಕೆಯ ಡಬ್ಬಿ ಹೊತ್ತು ಅದೇ ಮೆಟ್ಟಿಲು ಹತ್ತಿದೆ. “ಆ ಕಾಲಿನವ್ರು ಬರ್ಲಿಲ್ಲೇನ್ರಿ?” ಎಂದಳು. ತೀರಿಕೊಂಡರೆಂದೆ. “ಅಯ್ಯೋ ಪಾಪ,” ಎಂದಳು. ನಿಜವಾಗಿಯೂ ಮರುಗಿದಳು. ಇದೇ ಸಮಯವೆಂದು ನಾನು ಡಬ್ಬಿಯ ಮುಚ್ಚಳ ತೆಗೆದೆ. ಏನೋ ಸಿಹಿ ಇರಬೇಕೆಂದು ಮಗು ಮುಂದೆ ಬಂದು ಬಾಯಿ ತೆರೆಯಿತು. ಅವಳು ಅದರ ಕೈ ಹಿಡಿದು ಒಳಗೆ ಎಳೆದುಕೊಂಡು, ಬಾಗಿಲು ಹಾಕಿದಳು.