ಹೊತ್ತು ಮುಳುಗಿದ ಮೇಲಿನ ಚಮಚ

ವಿಮಾ ಕಂಪನಿಯ ಪತ್ರ ಇಂಗ್ಲಿಷಿನಲ್ಲಿತ್ತು. ಬೆಳಗಾವಿಯ ಪುನಶ್ಚೇತನ ಕೇಂದ್ರದ ಕೌಂಟರಿನಲ್ಲಿದ್ದವರು ಅದನ್ನು ಓದಿ ನನಗೆ ಕನ್ನಡದಲ್ಲಿ ಹೇಳಿದರು. ರೋಗಿ ಚಿಕಿತ್ಸೆಗೆ ಸಹಕರಿಸುತ್ತಿಲ್ಲ, ಸುಧಾರಣೆ ಕಾಣುತ್ತಿಲ್ಲ, ಇನ್ನು ಮನೆಯಲ್ಲೇ ನೋಡಿಕೊಳ್ಳಬಹುದು. ಕಂಪನಿ ಹದಿನಾಲ್ಕು ದಿನದ ಖರ್ಚಿಗೆ ಒಪ್ಪಿತ್ತು. ಹದಿನೈದನೆಯ ದಿನದಿಂದ ಇಲ್ಲ.

ನನಗೆ ಮೊದಲು ಸಿಟ್ಟು ಬರಲಿಲ್ಲ, ನಗು ಬಂತು. ಸಹಕರಿಸದವಳು ನನ್ನ ಹೆಂಡತಿಯೇ? ಶೇಡಬಾಳದ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಹಪ್ಪಳ ಮಾಡಿದರೂ ಕರೆಯದೆ ಹೋಗಿ ಲಟ್ಟಣಿಗೆ ಹಿಡಿಯುವವಳು ಅವಳು.

ದೀಪಾವಳಿ ಮುಗಿದ ವಾರ ಅವಳಿಗೆ ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಬಿದ್ದವು. ಮಾತು ಪೂರ್ತಿ ಹೋಯಿತು. ಮಿರಜದ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಅಲ್ಲಿಯ ಡಾಕ್ಟರು, ಮೊದಲ ಕೆಲವು ತಿಂಗಳೇ ಮುಖ್ಯ, ದಿನಾ ಕಲಿಸಿದರೆ ಮಾತು ಬರಬಹುದು, ಬಿಟ್ಟರೆ ಹೀಗೇ ಉಳಿಯಬಹುದು ಎಂದರು. ನರ್ಸು, ಕೈಕಾಲಿನ ವ್ಯಾಯಾಮ, ನುಂಗುವ ಅಭ್ಯಾಸ, ಮಾತಿನ ಪಾಠ ಎಲ್ಲವೂ ಒಂದೇ ಕಡೆ ಸಿಗುತ್ತದೆಂದು ಬೆಳಗಾವಿಗೆ ಕರೆತಂದಿದ್ದೆ.

ನನಗೆ ಬೇಕಾಗಿದ್ದದ್ದು ಅವಳ ಮಾತು. ದೊಡ್ಡ ಮಾತೇನಲ್ಲ. ಅಂಗಿಯ ಗುಂಡಿ ತಪ್ಪಿ ಹಾಕಿದ್ದೀರಿ ಅನ್ನುವಂಥದ್ದು. ಎಮ್ಮೆಗೆ ಬೈಯುವಂಥದ್ದು. ನನಗೆ ತಿಳಿಯಬಾರದ ವಿಷಯವಿದ್ದರೆ ತಂಗಿಯ ಜೊತೆ ಮರಾಠಿಯಲ್ಲಿ ಮಾತಾಡುವಳು. ನನಗೂ ಮರಾಠಿ ಬರುತ್ತದೆ ಎಂಬುದು ಇಪ್ಪತ್ತಾರು ವರ್ಷ ಸಂಸಾರ ಮಾಡಿದರೂ ಅವರಿಬ್ಬರಿಗೆ ನೆನಪಿರುತ್ತಿರಲಿಲ್ಲ. ಕೇಂದ್ರದ ಕೋಣೆಯಲ್ಲಿ ಅವಳ ಪಕ್ಕ ಕೂತಾಗ ಫ್ಯಾನಿನ ಸದ್ದು ಬಿಟ್ಟರೆ ಏನೂ ಇರುತ್ತಿರಲಿಲ್ಲ.

ಕಂಪನಿಗೆ ಫೋನ್ ಮಾಡಿದೆ. ಒಬ್ಬ ಹೆಣ್ಣುಮಗಳು ಎತ್ತಿದಳು.

"ಸರ್, ದಿನಾ ಸಂಜೆಯ ರಿಪೋರ್ಟಿನಲ್ಲಿ ಪೇಷಂಟ್ ನಿರಾಕರಿಸಿದರು ಅಂತ ಇದೆ. ಅವರಿಗೇ ಇಷ್ಟ ಇಲ್ಲದಿದ್ದರೆ ನಾವೇನು ಮಾಡೋಕಾಗುತ್ತೆ?"

"ನಿರಾಕರ್ಸಿದ್ಲಾ? ಮಾತ ಬರೂದಿಲ್ರಿ ಆಕಿಗೆ. ಹೆಂಗ ನಿರಾಕರ್ಸ್ತಾಳ?"

"ರಿಪೋರ್ಟಿನಲ್ಲಿ ಇದೆ ಸರ್."

ರಿಪೋರ್ಟಿನ ನಕಲು ಕೇಳಿ ಪಡೆದೆ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ನಲವತ್ತರ ಹತ್ತಿರ ಬಂದ ಮೇಲೆ ಕೂತು ಓದಿ ಹತ್ತನೆಯದು ಪಾಸು ಮಾಡಿದೆ. ಇಂಗ್ಲಿಷನ್ನು ಅಕ್ಷರ ಅಕ್ಷರ ಕೂಡಿಸಿ ಓದುತ್ತೇನೆ. ಬೆಳಗಿನ ಸಾಲಿನಲ್ಲಿ ವ್ಯಾಯಾಮ ಮಾಡಿದರು ಎಂದಿತ್ತು. ಮಧ್ಯಾಹ್ನ ಗಂಜಿ ನುಂಗಿದರು ಎಂದಿತ್ತು. ಸಂಜೆ ಏಳಕ್ಕೆ ಗಂಜಿ, ಗುಳಿಗೆ, ನುಂಗುವ ಅಭ್ಯಾಸ: ನಿರಾಕರಿಸಿದರು. ಮರುದಿನ ಸಂಜೆ ಏಳಕ್ಕೆ: ನಿರಾಕರಿಸಿದರು. ಹದಿನಾಲ್ಕು ಸಂಜೆಯೂ ಅದೇ ಮಾತು.

ಆಗ ಹೊಳೆಯಿತು. ಚಳಿಗಾಲದಲ್ಲಿ ಆರಕ್ಕೇ ಹೊತ್ತು ಮುಳುಗುತ್ತದೆ. ನಾವು ಜೈನರು. ಹೊತ್ತು ಮುಳುಗಿದ ಮೇಲೆ ಅವಳು ಅನ್ನ ಮುಟ್ಟುವುದಿಲ್ಲ, ನೀರು ಕುಡಿಯುವುದಿಲ್ಲ. ಮದುವೆಗೆ ಮೊದಲೇ ಮುನಿ ಮಹಾರಾಜರ ಮುಂದೆ ಕೈಮುಗಿದು ತೆಗೆದುಕೊಂಡ ನಿಯಮ ಅದು. ನಮ್ಮವರು ಬಹಳಿರುವ ಮಿರಜದಲ್ಲಾಗಿದ್ದರೆ ಕಸ ಗುಡಿಸುವ ಹೆಂಗಸೇ ಐದು ಗಂಟೆಗೆ ನೆನಪು ಮಾಡುತ್ತಿದ್ದಳು. ಇಲ್ಲಿಯ ಸಂಜೆಯ ನರ್ಸು ದೂರದ ಊರಿನವಳು. ನಾನೂ ಅದೇ ನಿಯಮದವನು. ಹಗಲಿರುವಾಗಲೇ ಊಟ ಮುಗಿಸಬೇಕೆಂದು ದಿನಾ ಐದಕ್ಕೆ ಎದ್ದು ಬಸದಿಯ ಪಕ್ಕದ ಭೋಜನಶಾಲೆಗೆ ನಡೆದು ಹೋಗಿ, ಬಸದಿಯ ಆರತಿ ಮುಗಿಸಿ ಎಂಟಕ್ಕೆ ತಿರುಗಿ ಬರುತ್ತಿದ್ದೆ. ಅವಳ ಮುಂದೆ ಚಮಚ ಬಂದಾಗ ಒಂದು ದಿನವೂ ನಾನಿರಲಿಲ್ಲ. ನನ್ನ ಊಟದ ಹೊತ್ತನ್ನು ನೆನಪಿಟ್ಟೆ, ಅವಳದನ್ನು ಯಾರಿಗೂ ಹೇಳಲಿಲ್ಲ.

ನರ್ಸು ಪಾಪ, ಅಳುವಂತಾದಳು. "ನನಗೆ ಯಾರೂ ಹೇಳ್ಲಿಲ್ಲ ಅಂಕಲ್. ಆಂಟಿ ಬಾಯಿ ಗಟ್ಟಿ ಮುಚ್ಚಿಬಿಡೋರು. ಹಟ ಅಂದ್ಕೊಂಡೆ."

ಕೌಂಟರಿನವರು ನನ್ನನ್ನು ಬದಿಗೆ ಕರೆದರು. "ಕಾಕಾ, ಇವತ್ತ ಸಂಜೀಕ ಎರಡ ಚಮಚ ತಿನ್ನಿಸಿಬಿಡ್ರಿ. ಸಹಕರಿಸಿದ್ರು ಅಂತ ಬರದು ಕಳಸ್ತೀವಿ. ಕೆಲಸ ಸಸಾರ ಆಕ್ಕೈತಿ."

ನಾನು ಹೂಂ ಎಂದೆ. ಆಸೆ ದೊಡ್ಡದು. ಅಂದು ಸಂಜೆ ಏಳಕ್ಕೆ ನಾನೇ ಗಂಜಿಯ ಚಮಚ ಹಿಡಿದು ಅವಳ ಮುಂದೆ ಕೂತೆ. "ಇದೊಂದ ಸಲ. ಔಷಧ ಅಂತ ತಿಳ್ಕೊ. ದೋಷ ಬಂದ್ರ ನನಗ ಬರ್ಲಿ," ಎಂದೆ. ಅವಳು ಕಿಟಕಿಯ ಕಡೆ ನೋಡಿದಳು. ಹೊರಗೆ ಕತ್ತಲಾಗಿತ್ತು. ತುಟಿ ಬಿಗಿದು, ಎಡಗೈಯಿಂದ ನನ್ನ ಮುಂಗೈಯನ್ನು ಮೆಲ್ಲಗೆ ಸರಿಸಿದಳು. ಅವಳ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು.

ಅಥಣಿಯಿಂದ ಅಕ್ಕನನ್ನು ನೋಡಲು ಬಂದಿದ್ದ ನಾದಿನಿ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಅವಳು ನನ್ನನ್ನು ದಾಜಿ ಎಂದು ಕರೆಯುತ್ತಾಳೆ, ಗೌರವ ಅಷ್ಟಕ್ಕೇ ಮುಗಿಯುತ್ತದೆ.

"ದಾಜಿ, ಏನ್ ಹಚ್ಚೀರಿ ಇದು? ಆರಾಮಿದ್ದಾಗ ಒಂದ ತುತ್ತ ತಿನ್ನಿಸಿದ್ದ ಕಾಣ್ಲಿಲ್ಲ, ಇವತ್ತ ನಿಯಮ ಮುರ್ಯಾಕ ಬಂದ್ರೇನು?"

"ಮತ್ತೇನ್ ಮಾಡ್ಲಿ ಬೇ? ಮನೀಗೆ ಕರ್ಕೊಂಡ ಹೋಗು ಅಂತಾರ. ಮಾತ ಬರೂದ ಬ್ಯಾಡೇನ ಆಕಿಗೆ?"

"ಆಕಿ ಬಾಯಿ ಮುಚ್ಚಿದ್ದ ನೋಡಿ ಅಳಾಕತ್ತೀರಿ. ನನಗ ಖುಷಿ ಆಗೇತಿ. ಹೊತ್ತ ಮುಣಗಿದ್ದ ಗೊತ್ತೈತಿ, ನಿಯಮ ನೆನಪೈತಿ. ತಲಿ ನಿಮ್ಮದಕ್ಕಿಂತ ನೆಟ್ಟಗೈತ್ರಿ ಆಕೀದು. ಇದನ್ನ ಬರದ ಹಾಕ್ರಿ ಅವರಿಗೆ!"

ಬೆಳಿಗ್ಗೆ ಮಾತಿನ ಪಾಠ ಮಾಡುವ ಡಾಕ್ಟರಿಗೆ ಇದನ್ನೇ ಹೇಳಿದೆ. ಅವರು ಸಂಜೆಯ ರಿಪೋರ್ಟು ತೆಗೆದು ನೋಡಿ, ಇದು ನಿರಾಕರಣೆಯಲ್ಲ, ತಿಳಿವಳಿಕೆ, ಕಲಿಸಿದರೆ ಕಲಿಯುತ್ತಾರೆ ಎನ್ನುವುದಕ್ಕೆ ಇದೇ ಗುರುತು ಎಂದರು. ಅಭ್ಯಾಸವನ್ನು ನಾಲ್ಕೂವರೆಗೆ ತಂದರು. ಅವಳು ಅಂದೇ ಬಾಯಿ ತೆರೆದಳು. ಐದು ದಿನ ನಮ್ಮ ಕೈಯಿಂದಲೇ ದುಡ್ಡು ಹಾಕಿ ಉಳಿದು ಆ ರಿಪೋರ್ಟು ಕೂಡಿಸಿದೆವು. ದುಡ್ಡು ತೀರಿ ಆರನೆಯ ದಿನ ಅವಳನ್ನು ಊರಿಗೆ ಕರೆತರಬೇಕಾಯಿತು.

ಅರ್ಜಿಯನ್ನು ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಬರೆದೆ. ಒಂದು ವಾರ ಹಿಡಿಯಿತು. ಡಾಕ್ಟರ ಪತ್ರ, ಏಳು ಗಂಟೆಯ ಮತ್ತು ನಾಲ್ಕೂವರೆಯ ರಿಪೋರ್ಟು, ಇಂಥವರಿಗೆ ಇಂಥ ನಿಯಮವಿದೆ ಎಂದು ಬಸದಿಯ ಪಂಚರು ಕೊಟ್ಟ ಚೀಟಿ, ಎಲ್ಲ ಸೇರಿಸಿದೆ. ಕೊನೆಗೆ, "ಮನೆಯಲ್ಲಿ ಅವಳ ಧ್ವನಿ ಇಲ್ಲದೆ ನನಗೆ ದಿಕ್ಕು ತೋಚುತ್ತಿಲ್ಲ" ಎಂದು ಬರೆದಿದ್ದೆ. ಅರ್ಜಿಯಲ್ಲಿ ಇಂಥದ್ದಿರಬಾರದು ಅನ್ನಿಸಿ ಅಳಿಸಿದೆ.

ಮೊದಲಿನ ನಿರ್ಧಾರವೇ ಸರಿ ಎಂದು ಕಂಪನಿ ಉತ್ತರ ಕೊಟ್ಟಿತು. ಅದೇ ಕಾಗದಗಳನ್ನು, ಕಂಪನಿಗಳ ಮೇಲಿನ ದೂರು ಕೇಳುವ ವಿಮಾ ಲೋಕಪಾಲರಿಗೆ ಕಳಿಸಿದೆ. ಕಾಯುವುದು ಶುರುವಾಯಿತು. ಸಂಕ್ರಾಂತಿ ಹೋಯಿತು, ಶಿವರಾತ್ರಿ ಹೋಯಿತು. ಡಾಕ್ಟರು ಮುಖ್ಯ ಎಂದ ತಿಂಗಳುಗಳು ಅವೇ. ನಾನು ಅವಳ ಮುಂದೆ ಕೂತು ಚಮಚ, ತಟ್ಟೆ, ಚೊಂಬು ಎಂದು ಹೇಳಿಕೊಡುತ್ತಿದ್ದೆ. ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು. ಕಲಿಸುವುದು ನನಗೆ ಬರುತ್ತಿರಲಿಲ್ಲ.

ವಿಚಾರಣೆ ಮೊಬೈಲಿನಲ್ಲೇ ನಡೆಯಿತು. ಅಧಿಕಾರಿಗಳು ಶಾಂತವಾಗಿ ಕೇಳಿದರು. "ಸೇರಿಸುವಾಗಲೇ ಈ ನಿಯಮದ ವಿಷಯ ಯಾಕೆ ತಿಳಿಸಲಿಲ್ಲ?"

"ನಮ್ಮೂರಾಗ ಇದನ್ನ ಯಾರೂ ಹೇಳೂದಿಲ್ರಿ ಸಾಹೇಬ್ರ. ಉಸಿರಾಡ್ತೀವಿ ಅಂತ ಹೇಳ್ತೀವೇನ್ರಿ? ತಪ್ಪು ನಂದ. ಆಕೀದಲ್ಲ."

ಅವರು ಬರೆದುಕೊಂಡರು. ಯುಗಾದಿಯ ನಂತರ ಆದೇಶ ಬಂತು. ಕಂಪನಿ ನಿಲ್ಲಿಸಿದ್ದು ಸರಿಯಲ್ಲ, ಉಳಿದ ದಿನಗಳ ಆರೈಕೆಯ ಖರ್ಚು ಕೊಡಬೇಕು.

ಮತ್ತೆ ಬೆಳಗಾವಿಗೆ ಹೋದೆವು. ತಡವಾಗಿದೆ, ಆದರೂ ನೋಡೋಣ ಎಂದರು ಡಾಕ್ಟರು. ಹೋದ ದಿನಗಳನ್ನು ಯಾವ ಆದೇಶವೂ ತಿರುಗಿ ಕೊಡುವುದಿಲ್ಲ ಎಂದು ಅವರ ಮುಖ ನೋಡಿ ತಿಳಿಯಿತು.

ಈಗ ಅವಳು ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾಳೆ. ಕೆಲವು ಮಾತು ಬಂದಿವೆ. ನೀರು ಅನ್ನುತ್ತಾಳೆ, ಬಾ ಅನ್ನುತ್ತಾಳೆ. ಬ್ಯಾಡ ಅನ್ನುವುದನ್ನು ಮಾತ್ರ ಬಹಳ ಸ್ಪಷ್ಟವಾಗಿ ಅನ್ನುತ್ತಾಳೆ. ಎರಡು ಮಾತು ಕೂಡಿಸಿದ್ದನ್ನು ನಾನಿನ್ನೂ ಕೇಳಿಲ್ಲ. ನಿನ್ನೆ ನಾದಿನಿಯ ಫೋನ್ ಬಂದಿತ್ತು. ಅದನ್ನು ಹೆಂಡತಿಯ ಕಿವಿಗೆ ಹಿಡಿಸಿ ಪಾತ್ರೆ ತೊಳೆಯಲು ಒಳಗೆ ಹೋದೆ. ಹೊರಗೆ ಅವಳು ತಂಗಿಗೆ ಏನೋ ಹೇಳಲು ಹವಣಿಸುತ್ತಿದ್ದಳು, ಮರಾಠಿಯಲ್ಲೋ ಏನೋ. ಒಂದು ಅಕ್ಷರ ಬಂದು ನಿಂತಿತು, ಮತ್ತೆ ಅದೇ ಅಕ್ಷರ ಬಂತು. ನಾನು ನಲ್ಲಿ ಬಂದ್ ಮಾಡಿ, ಒದ್ದೆ ಕೈಯಲ್ಲೇ, ಉಸಿರು ಹಿಡಿದು ನಿಂತೆ.