ಗಾಳಿಯಣ್ಣನೂ ಷಡ್ಡಕನ ಅಣಬೆಯೂ

ಸುಟ್ಟುಹೋದ ಫ್ಯಾನಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿ ಮತ್ತೆ ತಿರುಗುವಂತೆ ಮಾಡುವುದು ಅವನ ಕಸುಬು. ಅದಕ್ಕೇ ಬೀದಿಯವರೆಲ್ಲ ಅವನನ್ನು ಗಾಳಿಯಣ್ಣ ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಕೊಟ್ಟ ಮಾತಿಗೆ ತಪ್ಪುವವನಲ್ಲ, ಕಂಡವರ ಉಸಾಬರಿಗೆ ಹೋಗುವವನಲ್ಲ. ಆದರೆ ಷಡ್ಡಕನ ಹೊಗಳಿಕೆ ಕಿವಿಗೆ ಬಿದ್ದರೆ ಸಾಕು, ಹೊಟ್ಟೆಯೊಳಗೆ ಒಲೆ ಹತ್ತಿಕೊಳ್ಳುತ್ತಿತ್ತು.

ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ. ಒಬ್ಬಳೇ ಅತ್ತೆ, ಇಬ್ಬರು ಅಳಿಯಂದಿರು. ಒಬ್ಬನನ್ನು ಹೊಗಳಬೇಕಾದರೆ ಇನ್ನೊಬ್ಬನನ್ನು ತೆಗಳಲೇಬೇಕು ಎಂಬ ಕಟ್ಟಳೆ ಆ ಅತ್ತೆಯದು. ಮದುವೆಯಾದಾಗಿನಿಂದ ಹೊಗಳಿಕೆಯ ಪಾಲು ಗಾಳಿಯಣ್ಣನದೇ. ಅತ್ತೆಯ ಮಂಚದ ಮೇಲೆ ತಿರುಗುವ ಹಳೇ ಫ್ಯಾನಿಗೆ ತಂತಿ ಸುತ್ತಿಕೊಟ್ಟವನು ಅವನು. ಮನೆಗೆ ಯಾರೇ ಬರಲಿ, ಅತ್ತೆಯ ಬೆರಳು ಮೇಲೇಳುತ್ತಿತ್ತು. "ದೊಡ್ಡಳಿಯ ಸುತ್ತಿದ್ದು. ಒಂದು ದಿನ ನಿಂತಿದ್ದಿಲ್ಲ ನೋಡಿ."

ಷಡ್ಡಕನೋ, ಅತ್ತೆಯ ಮನೆಯಲ್ಲೇ ಇದ್ದುಕೊಂಡು ಮೀನಿನ ತೊಟ್ಟಿ ಮಾರಲು ಹೋಗಿ ಮುಳುಗಿದ. ಕಾರು ಕಲಿಸಲು ಹೋಗಿ ಕಂಬಕ್ಕೆ ಗುದ್ದಿದ. ಅತ್ತೆಯ ಬಾಯಲ್ಲಿ ಅವನ ಹೆಸರೇ 'ಕೈಲಾಗದವನು' ಎಂದಾಗಿತ್ತು. ಅಂಥವನು ಮಾಳಿಗೆಯ ಕೋಣೆಯಲ್ಲಿ ಅಣಬೆ ಬೆಳೆಯಲು ಶುರು ಮಾಡಿದ. ಒಣಹುಲ್ಲು ತುಂಬಿದ ಪ್ಲಾಸ್ಟಿಕ್ ಚೀಲಗಳನ್ನು ಸಾಲಾಗಿ ಕಟ್ಟಿದ. ಅವನ ಹೆಂಡತಿ ದಿನಾ ಪಿಚಕಾರಿ ಬಾಟಲಿ ಹಿಡಿದು ನೀರು ಚಿಮುಕಿಸಿದಳು. ಮೊದಲ ಬೆಳೆಯೇ ಅಂಗೈಯಗಲದ ಕೊಡೆ ಬಿಚ್ಚಿಕೊಂಡು ಗೊಂಚಲು ಗೊಂಚಲಾಗಿ ಬಂತು.

ಅತ್ತೆಯ ಬೆರಳು ಈಗ ಫ್ಯಾನನ್ನು ಬಿಟ್ಟು ಮಾಳಿಗೆಯ ಮೆಟ್ಟಿಲ ಕಡೆ ತಿರುಗಿತು. "ನಮ್ಮ ಚಿಕ್ಕಳಿಯ ನಾಲ್ಕು ಗೋಡೆ ಮಧ್ಯೆ ಬೆಳೆ ತೆಗೀತಾನೆ, ಬನ್ನಿ ತೋರಿಸ್ತೀನಿ."

ಅಂದು ಗಾಳಿಯಣ್ಣನಿಗೆ ಊಟ ಸೇರಲಿಲ್ಲ. ಹೆಂಡತಿ ತಟ್ಟೆಯನ್ನೂ ಅವನ ಮುಖವನ್ನೂ ನೋಡಿ ಮೂಗೆಳೆದಳು.

"ಏನೋ ಸುಟ್ಟ ವಾಸನೆ ಬರ್ತಿದೆಯಲ್ಲ?"

"ರಿಪೇರಿಗೆ ಬಂದ ಫ್ಯಾನು. ಕಾಯಿಲ್ ಸುಟ್ಟಿದೆ."

"ಕಾಯಿಲ್ಲೋ, ಹೊಟ್ಟೇನೋ?" ಎಂದು ಅವಳು ಎದ್ದುಹೋದಳು.

ಸ್ವಲ್ಪ ದಿನಕ್ಕೆ ಮಾಳಿಗೆಯ ಕೋಣೆಗೆ ನೊಣ ನುಗ್ಗಿತು. ಷಡ್ಡಕ ಕಿಟಕಿ ಮುಚ್ಚಿದ. ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಬಡಿದ, ಗೋಡೆಯ ಬಿರುಕಿಗೂ ಟೇಪು ಅಂಟಿಸಿದ. ಆಮೇಲೆ ಬಂದ ಅಣಬೆಗಳ ಕಾಲು ಮಾರುದ್ದ, ತಲೆ ಮಾತ್ರ ಅಂಗಿ ಗುಂಡಿಯಷ್ಟು. ಅಂಗಡಿಯವರು ಮುಟ್ಟಿಯೂ ನೋಡಲಿಲ್ಲ.

ಷಡ್ಡಕ ಫೋನು ಮಾಡಿದ. "ಭಾವ, ಕೋಣೆಗೆ ಗಾಳಿ ಸಾಲ್ತಿಲ್ಲ ಅನ್ಸುತ್ತೆ. ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಕೊಡ್ತೀರಾ?"

ಗಾಳಿಯಣ್ಣ ಹೋಗಿ ನೋಡಿದ. ನೋಡಿದ ಕೂಡಲೇ ಅವನಿಗೆ ಅರ್ಥವಾಯಿತು. ಅಣಬೆಯೂ ನಮ್ಮ ಹಾಗೆಯೇ ಉಸಿರು ಬಿಡುತ್ತದೆ, ಬಿಟ್ಟ ಉಸಿರಿನಲ್ಲೇ ಮುಳುಗಿ ಕೂತರೆ ಗಾಳಿ ಹುಡುಕಿಕೊಂಡು ಕತ್ತು ಚಾಚುತ್ತದೆ. ಕಿಟಕಿಯಲ್ಲಿ ಫ್ಯಾನಿಟ್ಟು ಕೆಟ್ಟ ಗಾಳಿಯನ್ನು ಹೊರಹಾಕಬೇಕು, ಎದುರು ಗೋಡೆಯಲ್ಲಿ ತೂತು ಕೊರೆದು ಹೊಸ ಗಾಳಿ ಒಳಬಿಡಬೇಕು. ಬರುವ ಗಾಳಿಗೆ ದಾರಿಯಿಲ್ಲದಿದ್ದರೆ ಹೋಗುವ ಗಾಳಿಯೂ ಹೋಗುವುದಿಲ್ಲ. ಇಷ್ಟೆಲ್ಲ ತಿಳಿದೂ ಆ ಪುಣ್ಯಾತ್ಮ ಕಿಟಕಿಗೆ ಫ್ಯಾನು ಜೋಡಿಸಿ, ಸ್ವಿಚ್ಚು ಹಾಕಿ, ಕೈ ಒರೆಸಿಕೊಂಡು ಮೆಟ್ಟಿಲಿಳಿದ. ತೂತಿನ ಮಾತೇ ಎತ್ತಲಿಲ್ಲ. ಕೇಳಿದ್ದು ಫ್ಯಾನು, ಕೊಟ್ಟಿದ್ದು ಫ್ಯಾನು. ತೂತು ಕೇಳಿದ್ದನೇ ಅವನು?

ದಾರಿಯುದ್ದಕ್ಕೂ ಗಾಳಿಯಣ್ಣ ಶಿಳ್ಳೆ ಹಾಕಿಕೊಂಡು ಬಂದ. ಈ ಬೆಳೆಯೂ ಹಾಳಾದರೆ ಷಡ್ಡಕ ಮತ್ತೆ ಕೈಲಾಗದವನು, ಅತ್ತೆಯ ಬೆರಳು ಮತ್ತೆ ಮಂಚದ ಮೇಲಿನ ಫ್ಯಾನಿಗೆ. ಬೇರೇನು ಬೇಕು?

ಬೆಳೆ ಹಾಳಾಯಿತು. ಸಾಂತ್ವನ ಹೇಳುವ ನೆಪ ಮಾಡಿಕೊಂಡು ಅವನು ಅತ್ತೆಯ ಮನೆಗೆ ಹೋದ. ಅತ್ತೆ ಬಾಗಿಲಲ್ಲೇ ಹಿಡಿದಳು.

"ಏನಪ್ಪಾ, ನಿನ್ನ ಫ್ಯಾನು ಬರೀ ಸದ್ದು ಮಾಡುತ್ತೆ, ಗಾಳಿಯೇ ಇಲ್ಲವಂತೆ? ಪಕ್ಕದ ಮನೆಯವರೂ ಕೇಳಿದ್ರು. ನಿನ್ನ ಕೈಗುಣ ಹೋಯ್ತೇನೋ ಅಂದೆ."

ಪಕ್ಕದ ಮನೆಯವರಿಗೂ ಹೇಳಿಬಿಟ್ಟಿದ್ದಾಳೆ! ಇನ್ನು ಬೀದಿಗೆ ತಿಳಿಯಲು ಎಷ್ಟು ಹೊತ್ತು? ಎದುರಿನವನಿಗೆ ಅಪಶಕುನವಾಗಲಿ ಎಂದು ತನ್ನ ಮೂಗನ್ನೇ ಕೊಯ್ದುಕೊಂಡರಂತಲ್ಲ, ಹಾಗಾಯಿತು ಅವನ ಪಾಡು. ಷಡ್ಡಕನನ್ನು ಗೆಲ್ಲಿಸದೆ ತನ್ನ ಹೆಸರು ಉಳಿಯುವುದಿಲ್ಲ. ಹಲ್ಲು ಕಚ್ಚಿಕೊಂಡು ಅವನು ಉಳಿ ಸುತ್ತಿಗೆ ತಂದು ಮಾಳಿಗೆ ಹತ್ತಿದ.

ಫ್ಯಾನು ತಿರುಗುತ್ತಲೇ ಇತ್ತು. ಗಾಳಿ ತಳ್ಳಿದರೆ ತೆರೆದುಕೊಳ್ಳುವ ಅದರ ಹೊರಗಿನ ತಗಡಿನ ಪಟ್ಟಿಗಳು ಮಾತ್ರ ಅರ್ಧವೂ ತೆರೆದಿರಲಿಲ್ಲ. ಗಾಳಿಯಣ್ಣ ಎದುರು ಗೋಡೆಗೆ ಉಳಿ ಇಟ್ಟ. ಷಡ್ಡಕ ನೋಡುತ್ತಾ ನಿಂತ. ತೂತು ಬಿದ್ದು ಬೆಳಕು ಕಂಡಾಗ ಗಾಳಿಯಣ್ಣ, "ನೊಣ ಬಾರದ ಹಾಗೆ ಜಾಲರಿ ಬೇಕಯ್ಯಾ," ಎಂದ.

ಷಡ್ಡಕ ಮೂಲೆಯ ಗೋಣಿಯ ಕೆಳಗಿಂದ ಒಂದು ಮರದ ಚೌಕಟ್ಟು ಎಳೆದ. ಸಣ್ಣ ಕಣ್ಣಿನ ಜಾಲರಿ ಬಡಿದು, ಧೂಳು ತಡೆಯಲು ಸ್ಪಂಜು ಅಂಟಿಸಿ, ಎಲ್ಲ ಸಿದ್ಧವಾಗಿತ್ತು. ಮೇಲೆ ಧೂಳು ಕೂತಿತ್ತು.

"ಇದನ್ನ ಯಾವಾಗ ಮಾಡಿದೆ?"

"ನೀವು ಫ್ಯಾನ್ ಹಾಕೋಕೆ ಮುಂಚೇನೇ, ಭಾವ."

"ಹಾಗಾದ್ರೆ ತೂತು ಬೇಕು ಅಂತ ನಿನಗೆ ಗೊತ್ತಿತ್ತು?"

"ಗೊತ್ತಿತ್ತು." ಷಡ್ಡಕ ತಲೆ ಕೆರೆದುಕೊಂಡ. "ಮದುವೆ ಆದಾಗಿಂದ ಆ ಮಂಚದ ಫ್ಯಾನ್ ಪುರಾಣ ಕೇಳಿ ಕೇಳಿ ಹೊಟ್ಟೆ ಉರಿದುಹೋಗಿದೆ. ಒಂದೇ ಒಂದು ಸಲ ಅತ್ತೆ ಬಾಯಲ್ಲಿ 'ದೊಡ್ಡಳಿಯನ ಫ್ಯಾನ್ ಸರಿಯಿಲ್ಲ' ಅನ್ನಿಸಬೇಕು ಅಂತ ಆಸೆ. ಒಂದು ಬೆಳೆ ಹೋದ್ರೆ ಹೋಗಲಿ ಅಂದ್ಕೊಂಡೆ. ಅದ್ಸರಿ, ನೀವ್ಯಾಕೆ ಹೇಳಲಿಲ್ಲ?"

ಗಾಳಿಯಣ್ಣನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು. ತನ್ನ ಮೇಲೂ ಒಬ್ಬ ಇಷ್ಟು ವರ್ಷ ಉರಿದುಕೊಂಡಿದ್ದ ಎಂಬುದು ಅವನಿಗೆ ಎಷ್ಟು ಹಿತವಾಯಿತೆಂದರೆ, ಆ ಕ್ಷಣ ಷಡ್ಡಕನನ್ನು ತಬ್ಬಿಕೊಳ್ಳಬೇಕೆನಿಸಿತು. "ಚೌಕಟ್ಟು ಹಿಡಿ," ಎಂದಷ್ಟೇ ಹೇಳಿದ. ಕೂರಿಸಿ ಮುಗಿಸುವಷ್ಟರಲ್ಲಿ ಎದುರುಗಡೆ ಫ್ಯಾನಿನ ತಗಡಿನ ಪಟ್ಟಿಗಳು ಪಟಪಟನೆ ಪೂರ್ತಿ ತೆರೆದುಕೊಂಡವು. ಚೀಲಗಳ ನಡುವೆ ತಂಪಾಗಿ ಗಾಳಿ ಸುಳಿಯಿತು.

ಮುಂದಿನ ಬೆಳೆ ಅಂಗೈ ಮೀರಿ ಅರಳಿತು. ಅತ್ತೆ ಪಕ್ಕದ ಮನೆಯವರನ್ನು ಕರೆದುಕೊಂಡು ಮಾಳಿಗೆ ಹತ್ತಿದಳು. ಅಳಿಯಂದಿರಿಬ್ಬರೂ ಅಂಗಿ ಸರಿಮಾಡಿಕೊಂಡು ನಿಂತರು. ಅತ್ತೆಯ ಬೆರಳು ಮೇಲೆದ್ದಿತು. ಇಬ್ಬರ ಕಣ್ಣೂ ಅದರ ಹಿಂದೆಯೇ ಹೋದವು. ಬೆರಳು ಫ್ಯಾನನ್ನು ದಾಟಿತು, ಗೋಡೆಯ ತೂತನ್ನು ದಾಟಿತು, ಚೀಲಗಳನ್ನು ದಾಟಿ, ಬಾಗಿಲ ಬಳಿ ಪಿಚಕಾರಿ ಬಾಟಲಿ ಹಿಡಿದು ನಿಂತಿದ್ದ ಕಿರಿಮಗಳ ಮೇಲೆ ನಿಂತಿತು.

"ಎಲ್ಲಾ ನನ್ನ ಮಗಳ ಕೈಗುಣ. ಬಿಡದೆ ನೀರು ಹಾಕಿದ್ದು ಇವಳೇ ನೋಡಿ. ಈ ಗಂಡಸರಿಬ್ಬರೂ ಸೇರಿ ನನ್ನ ಗೋಡೆ ಕೆಡವಿದ್ದೇ ಬಂತು."

ಪಕ್ಕದ ಮನೆಯವರು ಹೌದೌದು ಎಂದರು. ಗಾಳಿಯಣ್ಣ ಷಡ್ಡಕನ ಪಕ್ಕಕ್ಕೆ ಸರಿದು ಮೂಗೆಳೆದ.

"ಏನೋ ಸುಟ್ಟ ವಾಸನೆ ಬರ್ತಿದೆಯಲ್ಲಯ್ಯಾ?"

"ನಂದೂ ಸೇರಿದೆ, ಭಾವ," ಎಂದ ಷಡ್ಡಕ.