ಅಜ್ಜನ ಶಲ್ಯದಡಿಯ ಅಕ್ಷರಗಳು

ಅಂಗಡಿಯಲ್ಲಿ ಯಾರಾದರೂ ಅರಿಷಿಣದ ಚೀಲ ಬಿಚ್ಚಿದರೆ ಸಾಕು, ಈ ವಯಸ್ಸಿನಲ್ಲೂ ನನ್ನ ಬಲ ಅಂಗೈಗೆ ಕಚಗುಳಿ ಇಟ್ಟಂತಾಗುತ್ತದೆ. ನಗಬೇಡಿ. ನಿಮಗೂ ಹಳೆಯ ಮನೆಯ ವಾಸನೆಯೊಂದು ಹೀಗೆ ಎಲ್ಲೋ ಅಂಟಿಕೊಂಡಿರುತ್ತದೆ. ಸಾಂಗಲಿಯಲ್ಲಿ ಇನ್ನೂ ರಾಜರ ಆಳ್ವಿಕೆಯಿದ್ದ ಕಾಲ. ಪೇಟೆಯ ನಮ್ಮ ಮನೆಯಲ್ಲಿ ಉಪ್ಪಿಟ್ಟಿಗೂ ಹಾಸಿಗೆಗೂ ಅರಿಷಿಣದ್ದೇ ವಾಸನೆ, ಯಾಕೆಂದರೆ ಕಾಕಾ ಅರಿಷಿಣದ ದಲಾಲ. ಅಜ್ಜ ಮಾತ್ರ ಪಡಸಾಲೆಯಲ್ಲಿ ಮರಳು ಹರಡಿ ಪೇಟೆಯ ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸುತ್ತಿದ್ದ.

ಕಾಕಾನ ತಲೆಮಾರಿಗೆಲ್ಲ ಅಜ್ಜನ ಕೋಲೇ ಅಕ್ಷರ ಕಲಿಸಿತ್ತು. ನಾವೋ, ಬೇರೆಯೇ ಜಾತಿಯ ಕಪಿಗಳು. ಹಗಲು ಮರಾಠಿ ಶಾಲೆಯಲ್ಲಿ ಹಾಡು, ಚಿತ್ರ, ಕಸರತ್ತು. ಸಂಜೆ ಅಜ್ಜನೆದುರು ಕೂತು ಒಂದೇ ಅಕ್ಷರವನ್ನು ನೂರು ಸಲ ಒದರಬೇಕು. ಒದರುವವರು ಯಾರು? ಒಬ್ಬೊಬ್ಬರೇ ತಪ್ಪಿಸಿಕೊಂಡು, ಕಡೆಗೆ ನಾನು, ನೆರೆಮನೆಯ ಮಲ್ಲ, ಅವನ ತಂಗಿ ಶಾಂತಾ ಮೂವರೇ ಉಳಿದೆವು. ಕಾಕಾ ಒಂದು ದಿನ ಚಹಾ ಕುಡಿಯುತ್ತ ಹೇಳಿಯೇ ಬಿಟ್ಟ: “ಅಪ್ಪಾ, ಯುಗಾದಿತನಕಾ ನೋಡ್ರಿ. ಹುಡುಗೂರ ಬರಲಿಲ್ಲಂದ್ರ ಪಡಸಾಲ್ಯಾಗ ಚೀಲಾ ಇಡತೀನಿ.” ಅಜ್ಜ ಮರಳನ್ನು ಕೈಯಿಂದ ಸವರುತ್ತ ಕೂತ.

ಮರುದಿನವೇ ಮಲ್ಲ, ಶಾಂತಾ ಪಾಠದ ನಡುವೆ ಸಿಕ್ಕಿಬಿದ್ದರು. ಗೋಣಿಯ ತುಂಡಿನಡಿ ಕೈ ಸೇರಿಸಿಕೊಂಡು ಕಿಸಿಕಿಸಿ ನಗುತ್ತಿದ್ದರು. ಪೇಟೆಯಲ್ಲಿ ಅರಿಷಿಣದ ವ್ಯಾಪಾರ ನಡೆಯುತ್ತಿದ್ದುದೇ ಹಾಗೆ: ಕೊಳ್ಳುವವನೂ ದಲಾಲನೂ ಬಟ್ಟೆಯಡಿ ಕೈ ಹಿಡಿದು, ಬೆರಳು ಒತ್ತಿ ದರ ತಿಳಿಸುತ್ತಿದ್ದರು, ಮೂರನೆಯವನಿಗೆ ಸುಳಿವು ಹತ್ತಬಾರದು. ಮಕ್ಕಳಿಗೂ ದಿನವಿಡೀ ಅದೇ ಆಟ. “ಏನ್ ನಡಸೀರಿ, ಮಂಗ್ಯಾಗೋಳ್ರಾ?” ಎಂದು ಅಜ್ಜ ಕೋಲೆತ್ತಿದ. “ಸೌದಾ, ಅಜ್ಜಾ,” ಎಂದ ಮಲ್ಲ ಅಳುದನಿಯಲ್ಲಿ. ಎತ್ತಿದ ಕೋಲು ಮೇಲೆಯೇ ನಿಂತಿತು. ಅಜ್ಜ ತುಸು ಹೊತ್ತು ಅವರ ಕೈಗಳನ್ನೇ ನೋಡಿದ. ಆಮೇಲೆ ಕೋಲನ್ನು ಮೂಲೆಗಿಟ್ಟು, ಹೆಗಲ ಶಲ್ಯ ತೆಗೆದು ನನ್ನ ಕೈಮೇಲೆ ಹೊದಿಸಿ, “ಬಾ ಗಂಗೂ, ನಾವೂ ಸೌದಾ ಮಾಡೂಣು,” ಎಂದ. ಶಲ್ಯದಡಿ ಅವನ ಒರಟು ಬೆರಳು ನನ್ನ ಅಂಗೈಮೇಲೆ ಒಂದು ಅಕ್ಷರ ಬರೆಯಿತು. ಅಯ್ಯಯ್ಯ, ಆ ಕಚಗುಳಿಗೆ ಕುಣಿದೇಬಿಟ್ಟೆ! ಅದನ್ನು ಬಾಯಿಬಿಡದೆ ಮರಳಲ್ಲಿ ಬರೆದು ತೋರಿಸಬೇಕು; ಸರಿಯಾಗಿ ಬರೆದವರಿಗೆ ಶಲ್ಯ, ಮುಂದಿನ ಸೌದಾ ಅವರದು.

ಸುದ್ದಿ ಓಣಿಗೆಲ್ಲ ಹಬ್ಬಿತು. ಎಂಟು ದಿನದಲ್ಲಿ ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ. “ಮಾಝಾ ನಂಬರ, ಮಾಝಾ ನಂಬರ,” ಎಂದು ಸರದಿಗಾಗಿ ಮರಾಠಿಯಲ್ಲಿ ಕೂಗಾಡುತ್ತಲೇ ಕನ್ನಡ ಕಲಿತೆವು ನಾವು. ಯುಗಾದಿಯ ದಿನ ಕಾಕಾ ಬಾಗಿಲಲ್ಲಿ ನಿಂತು ನೋಡಿ, ಹಣೆ ಬಡಿದುಕೊಂಡು ನಕ್ಕ: “ನಮ್ಮ ಇದ್ಯಾ ಕದ್ದು ನಮಗ ಟೋಪಿ ಹಾಕಿದ್ರಲ್ರೀ ಅಪ್ಪಾ!”

ಆ ಮಕ್ಕಳೂ ದೊಡ್ಡವರಾದರು. ಅಜ್ಜನಿಗೆ ಕಲಿಸುವ ಶಕ್ತಿ ಉಳಿಯಲಿಲ್ಲ. ನಾನು ಮದುವೆಯಾಗಿ ಮಿರಜಿಗೆ ಹೋಗಿ, ಮೊದಲ ಬಾಣಂತನಕ್ಕೆ ತವರಿಗೆ ಬಂದಾಗ ಅವನ ಕಣ್ಣು, ಕಿವಿ ಎರಡೂ ಹೋಗಿದ್ದವು. ನನ್ನ ಕೈಯನ್ನು ಶಲ್ಯದಡಿ ಎಳೆದುಕೊಂಡು ನಿಧಾನವಾಗಿ ಬರೆದ: ‘ಸಾಲಿ ತುಂಬೇತೇನ?’ ಪಡಸಾಲೆಯಲ್ಲಿ ಮಾಡಿನತನಕ ಅರಿಷಿಣದ ಚೀಲಗಳಿದ್ದವು. ಮನೆಗೆ ಮೊದಲಿನಿಂದಲೂ ಅದೇ ವಾಸನೆ, ಅವನಿಗೆ ಹೇಗೆ ತಿಳಿದೀತು ಎಂದುಕೊಂಡು ಅವನ ಅಂಗೈಮೇಲೆ ಬರೆದೆ: ‘ತುಂಬೇತಿ ಅಜ್ಜಾ.’ ಅಜ್ಜ ನಕ್ಕ.

“ಶಲ್ಯದಾಗ ಸಣ್ಣ ಕೈ ಬರೂದು ಎಂದೋ ನಿಂತೇತಿ. ಸುಳ್ಳ ಆದ್ರೂ ಅಕ್ಷರ ತಪ್ಪಿಲ್ಲ ನೋಡು, ಶಾಣ್ಯಾಕಿ,” ಎಂದ. ಆಮೇಲೆ ಬಹಳ ಹೊತ್ತು ನನ್ನ ಕೈ ಬಿಡಲಿಲ್ಲ.